ಬೀಗರ ಮುಂದೆ ಬಾಯಿಲೆಕ್ಕ

ಕೂಡುವ ಲೆಕ್ಕ ಬಂದಷ್ಟು ಸಲೀಸಾಗಿ ಕಳೆಯುವ ಲೆಕ್ಕ ಯಾರಿಗೂ ಬರುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಬನಹಟ್ಟಿಯ ಸೀರೆ ವ್ಯಾಪಾರಿಯಾದ ನನಗಂತೂ ಕೂಡುವುದೇ ಬದುಕು. ಸೀರೆಯ ಮೇಲೆ ಸೀರೆ ಇಟ್ಟು ಎಣಿಸುತ್ತ ಹೋದರೆ ಆಯಿತು. ಅಂಥವನನ್ನು ಓಣಿಯ ಗೆಳೆಯರು, ಅಂಗಡಿ ಸಾಲಿನ ಹಿಂದಿನ ಕೋಣೆಯಲ್ಲಿ ದಿನಾ ಸಂಜೆ ನಡೆಯುವ ಡಾರ್ಟ್ಸ್, ಅಂದರೆ ಗೋಡೆಯ ಹಲಗೆಗೆ ಪುಟ್ಟ ಬಾಣ ಎಸೆಯುವ ಆಟದ ಲೆಕ್ಕ ಬರೆಯಲು ಕೂರಿಸಿದರು. ಆಡಲು ಅಲ್ಲ, ನಾನು ಎಸೆದ ಮೊದಲ ಬಾಣವೇ ಹಲಗೆ ಬಿಟ್ಟು ಮೂಲೆಯಲ್ಲಿದ್ದ ಸೀರೆಯ ಗಂಟಿಗೆ ನೆಟ್ಟಿತ್ತು. ಈ ಆಟದಲ್ಲಿ ಐನೂರಾ ಒಂದರಿಂದ ಶುರುಮಾಡಿ, ಹೊಡೆದ ಅಂಕಗಳನ್ನು ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು. ಕೊನೆಯ ಬಾಣವಂತೂ ಹಲಗೆಯ ಅಂಚಿನಲ್ಲಿರುವ, ಅಂಕ ಎರಡರಷ್ಟಾಗುವ ಡಬಲ್ ಪಟ್ಟಿಗೇ ಬೀಳಬೇಕು.

ಮುನ್ನೂರಾ ನಲವತ್ತೊಂದರಲ್ಲಿ ಐವತ್ತೇಳು ಹೋದರೆ ಎಷ್ಟು ಎಂದು ನಾನು ಸೂರು ನೋಡುತ್ತ ನಿಂತರೆ, ಪಕ್ಕದ ಅಂಗಡಿಯ ಬಸಣ್ಣ ಕಿಸೆಗೆ ಕೈಹಾಕುತ್ತಿದ್ದ. "ಕಾಕಾ, ಯಾಕ ತಲಿ ಕೆಡಸ್ಕೊಂತೀರಿ? ಮೊಬೈಲ್ ಐತಲ್ಲ, ನಾ ಬರೀತೇನಿ ಬಿಡ್ರಿ." ಆಡಲು ಬಾರದವನಿಗೆ ಆ ಕೋಣೆಯಲ್ಲಿದ್ದ ಒಂದೇ ಜಾಗ ಅದು, ಅದೂ ಹೋದರೆ ದಿನಾ ಸಂಜೆ ಮನೆಯಲ್ಲಿ ಕೂತು ಧಾರಾವಾಹಿ ನೋಡಬೇಕು. ಹಟ ಹಿಡಿದೆ. ಐವತ್ತೇಳನ್ನು ಕಳೆಯುವ ಬದಲು ಅರವತ್ತು ಕಳೆದು ಮೂರು ಕೂಡಿಸಿದರೆ ಹಗುರ ಎಂದು ಕಂಡುಕೊಂಡೆ. ಮುಧೋಳದ ಬಸ್ಸಿನಲ್ಲಿ ಕೂತು, ಎದುರು ಬರುವ ಕಬ್ಬಿನ ಟ್ರ್ಯಾಕ್ಟರುಗಳ ನಂಬರಿನ ಕೊನೆಯ ಎರಡಂಕಿಗಳನ್ನು ಐನೂರಾ ಒಂದರಿಂದ ಕಳೆಯುತ್ತ ಹೋದೆ. ಊಟಕ್ಕೆ ಕೂತಾಗ ಹೆಂಡತಿ, "ಇನ್ನೊಂದ್ ರೊಟ್ಟಿ ಹಾಕಲೇನ್ರಿ?" ಎಂದರೆ, "ನಾನೂರಾ ತೊಂಬತ್ತೆಂಟು ಉಳದಾವ" ಎಂದುಬಿಟ್ಟೆ. "ಅಷ್ಟ ಬಡಿಯಾಕ ನನ್ನ ಕೈಲೆ ಆಗಂಗಿಲ್ಲ ನೋಡ್ರಿ" ಎಂದು ಆಕೆ ಒಳಗೆ ನಡೆದಳು.

ಬರಬರುತ್ತ ಬಾಣ ನೆಟ್ಟ ಸದ್ದಿನ ಬೆನ್ನಿಗೇ ನನ್ನ ಉತ್ತರ ಬರತೊಡಗಿತು. ಬಸಣ್ಣನ ಮೊಬೈಲು ಕಿಸೆಯಲ್ಲೇ ಉಳಿಯಿತು. ಅಷ್ಟರಲ್ಲಿ ರಬಕವಿಯವರ ಜೊತೆ ಪಂದ್ಯ ಗೊತ್ತಾಯಿತು. ಅವರ ಕಡೆಯಿಂದ ಆಡಲು ಬಂದವರು ಬೇರೆ ಯಾರೂ ಅಲ್ಲ, ನನ್ನ ಮಗಳ ಮಾವ, ಸಾಕ್ಷಾತ್ ಬೀಗರು! ಕೊನೆಗೆ ಅವರಿಗೆ ಐವತ್ತೆಂಟು ಉಳಿದಿತ್ತು, ಕೈಯಲ್ಲಿ ಎರಡು ಬಾಣ. ಅವರು ತಪ್ಪಿದರೆ ಮುಂದಿನ ಸರದಿಯಲ್ಲಿ ನಾವು ಗೆದ್ದಂತೆಯೇ. ಬೀಗರು ಹಲಗೆ ನೋಡಿದರು, ತಲೆ ಕೆರೆದುಕೊಂಡರು, ಆಮೇಲೆ ನನ್ನತ್ತ ತಿರುಗಿದರು. "ಬೀಗರ, ಈಗ ಎಲ್ಲಿ ಹೊಡೀಬೇಕ್ರಿ?"

ಲೆಕ್ಕ ಬರೆಯುವವನು ಅದನ್ನು ಹೇಳಬಾರದು. ಆದರೆ ನಾವು ಹೆಣ್ಣು ಕೊಟ್ಟ ಮನೆಯವರು ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಸತ್ಯ ಹೇಳಬೇಕೆಂದರೆ, ಉತ್ತರ ಆಗಲೇ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. "ಮೊದಲ ಹದಿನೆಂಟಕ್ಕ ಹೊಡೀರಿ, ನಲವತ್ತ ಉಳೀತಾವ. ಆಮ್ಯಾಲ ಇಪ್ಪತ್ತರ ಡಬಲ್ ಬಡದ್ರ ಆತ್ರಿ!" ಎಂದೆ, ಉಸಿರು ಬಿಡದೆ.

ಬೀಗರು ಹೇಳಿದ ಮಾತು ಮೀರುವವರಲ್ಲ. ಎರಡೂ ಬಾಣ ಹೇಳಿದಲ್ಲಿಗೇ ಹೋಗಿ ನೆಟ್ಟವು.

ಮರುದಿನ, ಅಂದರೆ ಇವತ್ತು ಬೆಳಿಗ್ಗೆ, ಮಗಳ ಫೋನು ಬಂತು. "ಅಪ್ಪಾ, ನಮ್ಮ ಮಾವಾರು ಊರ ತುಂಬ ನಿನ್ನ ಹೊಗಳಾಕತ್ತಾರ. ಮುಂದಿನ ಮ್ಯಾಚಿಗೂ ಲೆಕ್ಕಕ್ಕ ನೀನ ಇರಬೇಕಂತ." ಹಿಗ್ಗಿಹೋದೆ. ಈ ಸುದ್ದಿಯನ್ನು ನಮ್ಮ ಗೆಳೆಯರಿಗೆ ತಿಳಿಸೋಣವೆಂದು ಬೆಳಗಿನಿಂದ ಪ್ರಯತ್ನಿಸುತ್ತಿದ್ದೇನೆ, ಒಬ್ಬರೂ ಫೋನ್ ಎತ್ತುತ್ತಿಲ್ಲ.