ಯೂನಿಯನ್ ಸಿಟಿಯ ಬಾಲಲೀಲೆ

ಅನಾಹುತಕ್ಕೆಲ್ಲ ಮೂಲ ಸುಗುಣಾ ಹಾಕಿದ ಒಗ್ಗರಣೆ. ಒಣಮೆಣಸು ಸಿಡಿದು ಹೊಗೆ ಎದ್ದಿತು, ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯಿತು, ಬೆಡ್‌ರೂಮಿನಲ್ಲಿ ಫೋನು ಹಿಡಿದು ಕವಿತೆ ವಾಚಿಸುತ್ತಿದ್ದ ಅವಳ ಗಂಡ ರಘುರಾಮ ಬೆಚ್ಚಿಬಿದ್ದು ಬೆರಳು ತೆಗೆದ. ವಾಯ್ಸ್ ಮೆಸೇಜು ಅರ್ಧಕ್ಕೇ ಹೊರಟುಹೋಯಿತು. ಹೋದದ್ದಾದರೂ ಎಲ್ಲಿಗೆ? ಕಾರ್ಯಕ್ರಮ ನಡೆಸುವ ವಿಜಯಶ್ರೀ ಮೇಡಂಗಲ್ಲ, ಇಡೀ ಕನ್ನಡ ಬಳಗದ ವಾಟ್ಸ್ಆಪ್ ಗ್ರೂಪಿಗೆ.

ಅಂದು ಕೃಷ್ಣಾಷ್ಟಮಿ, ಸಂಜೆ ಡ್ಯಾನ್‌ವಿಲ್‌ನಲ್ಲಿ ಬಳಗದ ಉತ್ಸವ. ರಘುರಾಮ ಬಳಗ ಸೇರಿದಾಗಿನಿಂದ ಕುರ್ಚಿ ಹೊತ್ತಿದ್ದ, ಪಾರ್ಕಿಂಗಿನಲ್ಲಿ ಕೈ ಬೀಸಿದ್ದ, ಉಳಿದ ಸಾರನ್ನು ಡಬ್ಬಿಗೆ ತುಂಬಿಸಿದ್ದ. ವೇದಿಕೆಯ ಮೇಲೆ ಬಾಯಿ ಬಿಡುವ ಭಾಗ್ಯ ಮಾತ್ರ ಬಂದಿರಲಿಲ್ಲ. ಈ ಸಲ ವಿಜಯಶ್ರೀ ಕೊನೆಗೂ, "ಒಂದು ಸ್ಲಾಟು ಖಾಲಿ ಇದೆ. ಬಾಲಕೃಷ್ಣನ ಮೇಲೆ ಹೊಸ ಕವಿತೆ ಕಳಿಸಿ, ಚೆನ್ನಾಗಿದ್ರೆ ನಿಮಗೇ" ಎಂದಿದ್ದರು. ಆಫೀಸಿನ ಮೀಟಿಂಗುಗಳಲ್ಲಿ ಮ್ಯೂಟ್ ಆಗಿ ಕೂತು ಬರೆದೇ ಬರೆದ. ಗೋಪಿಯೊಬ್ಬಳು ಯಶೋದೆಗೆ ದೂರು ಹೇಳುವ ಹಳೆಯ ಧಾಟಿ. ಗೋಕುಲವನ್ನು ಮಾತ್ರ ತಾನಿರುವ ಯೂನಿಯನ್ ಸಿಟಿಗೆ ಎತ್ತಿ ತಂದಿದ್ದ. ಮೊದಲರ್ಧ ತುಂಟಾಟ, ಉಳಿದರ್ಧ ಚೆಲುವು. ಕೃಷ್ಣನ ಹೆಸರು ದಾಸರ ಅಂಕಿತದ ಹಾಗೆ ಕಟ್ಟಕಡೆಗೆ.

ಹೀಗಾಗಿ ಗ್ರೂಪಿಗೆ ಮುಟ್ಟಿದ್ದು ಇಷ್ಟು, ಅದೂ ಅಳುದನಿಯಲ್ಲಿ: "ಅಮ್ಮಾ, ನಿನ್ನ ಮಗನ ಕಾಟ ತಡೆಯಲಾರೆ! ಹೇಳದೆ ಕೇಳದೆ ಒಳಗೆ ನುಗ್ಗಿದ, ಫ್ರಿಜ್ಜು ತೆಗೆದ, ಮೊಸರಿನ ಡಬ್ಬಿ ಬರಿದು ಮಾಡಿದ. ಕೇಳಿದರೆ ಬೆಕ್ಕಿನ ಮೇಲೆ ಹಾಕಿದ. ಇಂಥ ಕಳ್ಳನನ್ನು ಎಲ್ಲೂ ಕಾಣೆ!" ಆಮೇಲೆ ಅಲಾರಮ್ಮಿನ ಅರಚಾಟ.

ರಘುರಾಮ ಅಳಿಸುವಷ್ಟರಲ್ಲಿ ಕೇಳಬಾರದವರೆಲ್ಲ ಕೇಳಿಯಾಗಿತ್ತು. ಮೊದಲು ಬಾಗಿಲು ತಟ್ಟಿದವನು ಪಕ್ಕದ ಮನೆಯ ಅಜಿತ್. ಒಂದು ಕೈಯಲ್ಲಿ ಮೊಸರಿನ ಬಕೆಟ್ಟು, ಇನ್ನೊಂದರಲ್ಲಿ ಮಗನ ಕಿವಿ.

"ಸಾರಿ ಮಾರಾಯ್ರೆ. ಮ್ಯಾನೇಜ್‌ಮೆಂಟಿಗೆಲ್ಲ ಕಂಪ್ಲೇಂಟ್ ಕೊಡ್ಬೇಡಿ. ಆ ಅಲಾರಂ ಒತ್ತಿದ್ದೂ ಇವನೇಯಾ?"

"ಅಂಕಲ್, ಐ ಟುಕ್ ಓನ್ಲೀ ಪಾಪ್ಸಿಕಲ್ಸ್!" ಎಂದು ಹುಡುಗ ಐಸ್‌ಕ್ಯಾಂಡಿ ಕದ್ದದ್ದನ್ನು ಒಪ್ಪಿಕೊಂಡು ಅತ್ತ.

"ಅಯ್ಯೋ, ಅದು ಕೃಷ್ಣ ಮಾರಾಯ್ರೆ!" ಎಂದ ರಘುರಾಮ.

ಅಜಿತನ ಕಣ್ಣು ತೇವವಾಯಿತು. "ನಿಮ್ಮ ದೊಡ್ಡತನ. ಕದ್ದ ಮಗುವಿನಲ್ಲೂ ದೇವರನ್ನು ಕಾಣ್ತೀರಿ" ಎಂದು ಬಕೆಟ್ಟು ಅಲ್ಲೇ ಇಟ್ಟು ಹೋದ.

ಅಷ್ಟರಲ್ಲಿ ಗ್ರೂಪಿನಲ್ಲಿ ಗುಡುಗು. ಮೇಲಿನ ಮನೆಯ ಶಿವಶರಣನ ತಾಯಿ, ಬಾಗಲಕೋಟೆಯಿಂದ ಬಂದಿದ್ದ ಶರಣವ್ವ, ದೂರು ತಮ್ಮ ಮೊಮ್ಮಗ ಮಲ್ಲಪ್ಪನ ಮೇಲೆಯೇ ಎಂದು ತಿಳಿದು ವಾಯ್ಸ್ ಮೆಸೇಜಿನಲ್ಲೇ ಉತ್ತರ ಕಳಿಸಿದ್ದರು. "ಏನಂತ ತಿಳ್ಕೊಂಡಿಯೋ? ನನ್ನ ಕೂಸು ಹೊಸ್ತಲಾ ದಾಟಿದ್ದಲ್ಲ. ಮುಂಜಾನೆದ್ದು ಅದರ ಮಾರಿ ನೋಡಿದ್ರ ಹೊತ್ತು ಹೊಂಟಂಗ ಇರತೈತಿ. ನಕ್ಕರ ಗಲ್ಲದಾಗ ಕುಣಿ ಬೀಳ್ತಾವ, ಆ ಕುಣ್ಯಾಗ ನನ್ನ ಜೀವಾನ ಐತಿ. ಅಂಥಾದ್ದಕ್ಕ ಕಳ್ಳ ಅಂತಿ? ನಿನ್ನ ಹುಳಿ ಮೊಸರ ನಮ್ಮೂರ ಬೆಕ್ಕೂ ಮೂಸೂದಿಲ್ಲ!"

ರಘುರಾಮ ಅಜಿತನ ಬಕೆಟ್ಟು ಹೊತ್ತು ಮೇಲಕ್ಕೆ ಓಡಿದ. "ಅಮ್ಮಾ, ನಾನು ಹೇಳಿದ್ದು ಶ್ರೀಕೃಷ್ಣನ ವಿಷಯ" ಎಂದು ಕೈ ಮುಗಿದ.

"ನನ್ನ ಮೊಮ್ಮಗನ್ನ ಕಳ್ಳ ಮಾಡಿದ್ದು ಸಾಲಲಿಲ್ಲೇನು? ಈಗ ದೇವರ ಮ್ಯಾಲೂ ಹಾಕ್ತೀ?" ಬಾಗಿಲು ದಢಾರನೆ ಮುಚ್ಚಿತು.

"ಕುರ್ಚಿ ಹೊತ್ಕೊಂಡು ಮರ್ಯಾದೆಯಾಗಿ ಇರಿ ಅಂತ ಹೇಳ್ಲಿಲ್ವಾ ನಾನು?" ಎಂದು ಸುಗುಣಾ ಕೆಳಗೆ ಕಾದು ನಿಂತಿದ್ದಳು. ರಘುರಾಮನಿಗೂ ಅದೇ ಸರಿ ಎನ್ನಿಸುತ್ತಿದ್ದಾಗ ಸ್ಯಾನ್ ಮಟಿಯೋದಿಂದ ವಿಜಯಶ್ರೀ ಫೋನು ಮಾಡಿದರು.

"ಗ್ರೂಪಲ್ಲಿ ಕೇಳಿದೆ, ರಘುರಾಮ್. ಕಣ್ಣಲ್ಲಿ ನೀರು ಬಂತು! ಸ್ಲಾಟು ಫಿಕ್ಸು. ಬೇಗ ಬನ್ನಿ."

ಈ ನೆಲದಲ್ಲಿ ಕಾವ್ಯ ತಿಳಿದವರು ಒಬ್ಬರಾದರೂ ಇದ್ದಾರಲ್ಲ ಎಂದು ರಘುರಾಮ ಕುಣಿದಾಡಿದ. ಹೊಸ ಜುಬ್ಬ ತೊಟ್ಟ. ಫ್ರೀವೇ ಉದ್ದಕ್ಕೂ ಗ್ರೂಪು ಕೇಳದ ಉಳಿದರ್ಧವನ್ನು ಹಾಡಿ ಹಾಡಿ ಸುಗುಣಾಳ ತಲೆ ಚಿಟ್ಟು ಹಿಡಿಸಿದ.

ಪರದೆಯ ಹಿಂದೆ ವಿಜಯಶ್ರೀ ಅವನ ತಲೆಯ ಮೇಲೆ ಕೆಂಪು ಸೆರಗು ಹೊದಿಸಿ ಪಿನ್ನು ಚುಚ್ಚಿದರು. "ಇಲ್ಲಿ ನಿಂತ್ಕೊಳ್ಳಿ. ಮಾತಾಡ್ಬೇಡಿ."

"ಕವಿತೆ ಓದೋದು ಬೇಡ್ವಾ ಮೇಡಂ?"

"ನಿಮ್ಮದು ಬರೀ ದೂರಲ್ವಾ! ಮಗುವಿನ ಚೆಲುವು ಎಲ್ಲಿದೆ ಅದರಲ್ಲಿ? ನನಗೆ ಅಳು ಬಂದದ್ದು ಯಶೋದೆಯ ಉತ್ತರಕ್ಕೆ. ಶರಣವ್ವ ಎಂಥಾ ಆಶುಕವಿ! ಗೋಪಿ ಎದುರಿಗೆ ಸಿಕ್ಕಿದ್ರೆ ಇನ್ನೂ ಚೆನ್ನಾಗಿ ಹೇಳ್ತಾರಂತೆ."

ಪರದೆ ಸರಿಯಿತು. ಶರಣವ್ವ ಅವನನ್ನು ಕಂಡದ್ದೇ ಸೆರಗು ಬಿಗಿದರು. ಯಾವ ಬಣ್ಣವೂ ಇಲ್ಲದ ಅಸಲಿ ಬೈಗುಳ ಅದು. ಮೊಮ್ಮಗನ ಕಣ್ಣು, ಕಾಲ್ಗೆಜ್ಜೆ, ಹಾಲುಹಲ್ಲಿನ ಸಂದು ಒಂದೊಂದೂ ಬಂದ ಹಾಗೆ ಸಭೆ ಮೂಗು ಒರೆಸಿಕೊಂಡಿತು; ರಘುರಾಮನ ಜನ್ಮ ಜಾಲಾಡಿದಾಗಲೆಲ್ಲ ಘೊಳ್ಳೆಂದು ನಕ್ಕಿತು. ತನ್ನ ಯಾವ ಸಾಲೂ ಈ ಮುದುಕಿಯ ಕಾಲ್ಧೂಳಿಗೂ ಸಮವಲ್ಲ ಎಂದು ರಘುರಾಮನಿಗೇ ಗೊತ್ತಾಯಿತು. ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು.

ಮುಗಿಯುತ್ತಲೇ ಸಭೆ ಎದ್ದು ನಿಂತು "ಒನ್ಸ್ ಮೋರ್!" ಎಂದು ಕೂಗಿತು.

"ಏನಂತಾರೋ?" ಎಂದು ಶರಣವ್ವ ಮುಂದಿನ ಸಾಲಿನಲ್ಲಿದ್ದ ಮಲ್ಲಪ್ಪನನ್ನು ಕೇಳಿದರು.

"ಅಜ್ಜಿ, ದೇ ವಾಂಟ್ ಇಟ್ ಅಗೇನ್."

"ಮತ್ತೊಮ್ಮಿ ಬೈಬೇಕಂತೇನು? ಈ ಊರ ಮಂದಿಗೆ ನ್ಯಾಯ ತಿಳಿತೈತಿ ಬಿಡು" ಎಂದು ಶರಣವ್ವ ನೀರು ಕುಡಿದು ಗಂಟಲು ಸರಿಪಡಿಸಿಕೊಂಡರು. ರಘುರಾಮ ಜಾರಿದ ಸೆರಗನ್ನು ಎಳೆದುಕೊಂಡು ಮತ್ತೆ ತಲೆ ತಗ್ಗಿಸಿ ನಿಂತ.