ಕಮಲಾಪುರದ ಕೆಂಪು ಬಾಳೆಯೂ ಮೂವರು ಸಿಇಒಗಳೂ

ನಮ್ಮ ಮಹಡಿಯ ಹುಡುಗರ ಜತೆ ಎಲ್ಲಿಗೆ ಹೋದರೂ ಒಂದಲ್ಲ ಒಂದು ಫಜೀತಿ ಕಾದಿರುತ್ತದೆ. ನಾನು ಮೈಸೂರಿನವಳು. ಮದುವೆಯಾಗಿ ಕಲಬುರಗಿಗೆ ಬಂದು, ಇಲ್ಲಿಯೇ ಶಾಲೆಯಲ್ಲಿ ಪಾಠ ಹೇಳಿ ಮುದುಕಿಯಾದೆ. ಬ್ರಹ್ಮಪುರದ ನಮ್ಮ ಮನೆಯ ಮಹಡಿಯಲ್ಲಿ ಒಬ್ಬ ಹುಡುಗಿ, ಇಬ್ಬರು ಹುಡುಗರು ಸ್ಟಾರ್ಟಪ್ ಕಂಪನಿ ತೆಗೆದಿದ್ದಾರೆ. ಬಾಳೆಗೆ ಮೊಬೈಲ್ ಹಿಡಿದರೆ ಅದು ಯಾವಾಗ ಹಣ್ಣಾಗುತ್ತದೆಂದು ಹೇಳುವ ಆ್ಯಪ್ ಅವರದು. ಹೇಳುವ ಧ್ವನಿ ನನ್ನದು. ಟೀಚರ್ ಗಂಟಲು ಸಂತೆಯಲ್ಲೂ ಕೇಳುತ್ತದೆ ಎಂಬುದು ಅವರ ಎಣಿಕೆ. ಹಾಗಾಗಿ ಸೇಡಂ ರಸ್ತೆಯಲ್ಲಿ ನಡೆದ ತಂತ್ರಜ್ಞಾನ ಸಮ್ಮೇಳನಕ್ಕೆ ನನ್ನನ್ನೂ ಕರೆದೊಯ್ದರು. ಅಲ್ಲಿ ಒಬ್ಬ ಹಣ್ಣಿನ ವ್ಯಾಪಾರಿಯಾದರೂ ಆ್ಯಪ್ ಒಪ್ಪದಿದ್ದರೆ ಕಂಪನಿ ಮುಚ್ಚುವುದೆಂದು ತೀರ್ಮಾನವಾಗಿತ್ತು.

ಬಾಗಿಲಲ್ಲಿ

ಕೊರಳಿಗೆ ಹಾಕಿಕೊಳ್ಳಲು ಬ್ಯಾಡ್ಜ್ ಕೊಡುತ್ತಿದ್ದರು. ಮೂವರೂ ತಂತಮ್ಮ ಮೊಬೈಲಿನಿಂದ ಬೇರೆಬೇರೆಯಾಗಿ ಹೆಸರು ನೋಂದಾಯಿಸಿದ್ದರು. ಬ್ಯಾಡ್ಜ್ ಕೈಗೆ ಬಂದಾಗ ನೋಡಿದರೆ ಮೂವರೂ ಸಿಇಒ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಜಿನ ಹಿಂದಿದ್ದವರು ಬಹಳ ಮರ್ಯಾದೆಯಿಂದ, "ಮೂರೂ ಮಂದಿ ಸಿಇಒ ಆದ್ರ ಕಂಪನ್ಯಾಗ ಕೆಲಸ ಮಾಡೋರು ಯಾರ್ರೀ?" ಎಂದರು.

ಮೂವರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು. ಆ ದಿನ ಅವರು ಜಗಳವಿಲ್ಲದೆ ಒಪ್ಪಿದ ವಿಷಯ ಅದೊಂದೇ.

ಮಳಿಗೆಯಲ್ಲಿ

ಹುಡುಗರಲ್ಲಿ ಒಬ್ಬ ಇಲ್ಲೇ ಹತ್ತಿರದ ಕಮಲಾಪುರದವನು. ಅವನ ತಾಯಿ ತಮ್ಮ ತೋಟದ ಕೆಂಪು ಬಾಳೆಹಣ್ಣು ಒಂದು ಬುಟ್ಟಿ ತಂದಿದ್ದರು. ಜತೆಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅಂದರೆ ನಮ್ಮ ಮೈಸೂರಿನ ಮಾತಿನಲ್ಲಿ ಚಟ್ನಿಪುಡಿ. ಅವರ ಮನೆಯಲ್ಲಿ ಬಂದವರು ಉಣ್ಣುವವರೆಗೆ ವ್ಯವಹಾರದ ಮಾತು ಎತ್ತುವಂತಿಲ್ಲ. ಇಲ್ಲಿಯೂ ಅದೇ ಪದ್ಧತಿ. ನಮ್ಮ ಹುಡುಗಿ ಬಾಯಿ ತೆರೆಯುವ ಮೊದಲೇ ಬಂದವರ ಕೈಯಲ್ಲಿ ರೊಟ್ಟಿ ಇರುತ್ತಿತ್ತು. ಪಕ್ಕದ ಮಳಿಗೆಯವರು ತಮ್ಮ ರೋಬೋಟನ್ನು ಒಂಟಿಯಾಗಿ ಬಿಟ್ಟು ನಮ್ಮ ಸಾಲಿನಲ್ಲಿ ನಿಂತಿದ್ದರು.

ಒಬ್ಬ ಹಿರಿಯರು ಮಾತ್ರ ಆ್ಯಪ್ ವಿಷಯವನ್ನು ಕೊನೆಯವರೆಗೂ ತಲೆದೂಗುತ್ತ ಕೇಳಿದರು. ಏನಾದರೂ ಕೇಳುವುದಿದೆಯೇ ಎಂದು ಹುಡುಗಿ ಆಸೆಯಿಂದ ವಿಚಾರಿಸಿದಳು.

"ಹಿಂಡಿಗಿ ಬಳ್ಳೊಳ್ಳಿ ಎಷ್ಟು ಹಾಕೀರಿ?" ಎಂದರು.

ವ್ಯಾಪಾರಿ ಬಂದಾಗ

ಕಡೆಗೂ ಮೋಮಿನಪುರದ ದೊಡ್ಡ ಬಾಳೆ ವ್ಯಾಪಾರಿಯೊಬ್ಬರು ಬಂದರು. ವಯಸ್ಸಾದವರು, ಗಲ್ಲದ ಮೇಲೆ ಕಪ್ಪು ಮಚ್ಚೆ. ಚೀಲದಿಂದ ತಮ್ಮದೇ ಒಂದು ಕೆಂಪು ಬಾಳೆ ತೆಗೆದು, ಇದಕ್ಕೆ ಏನು ಹೇಳುತ್ತದೆ ನೋಡೋಣ ಎಂದರು. ಕಮಲಾಪುರದ ಹುಡುಗ ಮೊಬೈಲ್ ಹಿಡಿದ. "ಇದು ಬಾಳೆಹಣ್ಣಲ್ಲ" ಎಂದಿತು ನನ್ನ ಧ್ವನಿ. ಹಳದಿ ಬಾಳೆ ತೆಗೆದರು. ಅದೂ ಅಲ್ಲ. ನಮ್ಮ ಬುಟ್ಟಿಯ ಹಣ್ಣಿಗೆ ಹಿಡಿದರೆ ಮಾತ್ರ ಸರಿಯಾಗಿ ಹೇಳಿತು.

"ಹಂಗಾರ ನಾ ಇಷ್ಟು ವರ್ಷ ಏನ್ ಮಾರಾಕತ್ತೀನಿ, ಬೇಟಾ?" ಎಂದರು ವ್ಯಾಪಾರಿ.

ಹುಡುಗಿಯ ಮುಖ ಬಾಡಿತು. ಸಮಜಾಯಿಷಿ ಹೇಳಲು ಹುಡುಗ ತಿರುಗಿದಾಗ ಕೈಯಲ್ಲಿದ್ದ ಮೊಬೈಲೂ ವ್ಯಾಪಾರಿಯ ಮುಖದ ಕಡೆ ತಿರುಗಿತು. ಆಗ ಸಭಾಂಗಣಕ್ಕೆಲ್ಲ ಕೇಳುವಂತೆ ನನ್ನ ಧ್ವನಿ ಹೇಳಿತು: "ಬಾಳೆಹಣ್ಣು. ಪೂರ್ತಿ ಮಾಗಿದೆ. ಇವತ್ತೇ ಮಾರಿಬಿಡಿ."

ನಾನು ಬುಟ್ಟಿಯ ಹಿಂದೆ ಕುಳಿತುಬಿಟ್ಟೆ. ಹುಡುಗಿ ಮಾತ್ರ ಅವರ ಮಚ್ಚೆಯನ್ನೇ ನೋಡಿದಳು, ಆಮೇಲೆ ಬುಟ್ಟಿಯನ್ನು. ನಮ್ಮ ಪ್ರತಿ ಹಣ್ಣಿನ ಮೇಲೂ ಒಂದು ಕಪ್ಪು ಚುಕ್ಕೆ. ಇದೇನೆಂದು ಕೇಳಿದರೆ ಆ ತಾಯಿ ನಿರಾಳವಾಗಿ ಹೇಳಿದರು: "ನೀವು ಮೂರೂ ಮಂದಿ ದಿನಾ ತ್ವಾಟಕ್ಕ ಬಂದು ಫೋಟೊ ಹೊಡದ್ರ ನೆದರು ಆಗಂಗಿಲ್ಲೇನು? ಅದಕ್ಕ ಹಣ್ಣಿಗೊಂದು ಕಾಡಿಗಿ ಬೊಟ್ಟು ಇಟ್ಟೀನಿ."

ಆ ದೃಷ್ಟಿಬೊಟ್ಟು ಕೆಂಪು ಬಾಳೆಯ ಜಾತಿಯ ಗುರುತೆಂದು ತಾನು ತಿಳಿದಿದ್ದೆ ಎಂದ ಇನ್ನೊಬ್ಬ ಹುಡುಗ. ಆ ಫೋಟೊಗಳಿಂದ ಆ್ಯಪ್ ಕಲಿತದ್ದು ಬಾಳೆಯನ್ನಲ್ಲ, ಬೊಟ್ಟನ್ನು.

ವ್ಯಾಪಾರಿ ನಕ್ಕು ನಕ್ಕು ಕುರ್ಚಿ ಹಿಡಿದು ಕುಳಿತರು. ಕಣ್ಣೊರೆಸಿಕೊಂಡು, ತಮ್ಮ ಗೋದಾಮಿನಲ್ಲಿ ಎಲ್ಲ ಜಾತಿಯ ಬಾಳೆಯೂ ಇದೆ, ಬಂದು ಫೋಟೊ ತೆಗೆದು ಸರಿಯಾಗಿ ಕಲಿಸಿ, ಈ ಹಂಗಾಮಿನಿಂದಲೇ ಬಳಸುತ್ತೇನೆ ಎಂದರು. ಮೂವರು ಸಿಇಒಗಳೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

"ಒಂದೇ ಮಾತು. ಕಾಡಿಗಿ ಡಬ್ಬಿ ತರಂಗಿಲ್ಲ," ಎಂದು ವ್ಯಾಪಾರಿ ಎದ್ದರು.

ತಾಯಿಗೆ ಸಮಾಧಾನವಾಗಲಿಲ್ಲ. "ಇಷ್ಟು ಮಂದಿ ಮುಂದ ಮಾತು ಕೊಟ್ಟೀರಿ, ಅಣ್ಣಾರ, ನೆದರು ಬಿಡ್ತದೇನು? ಹಣ್ಣಿಗಿ ಬ್ಯಾಡಂದ್ರ ಬ್ಯಾಡ. ಆ ಕಡಿ ಗಲ್ಲ ಖಾಲಿ ಅದ, ಹಿಂಗ ತಿರುಗ್ರಿ."