ಒಂದು ಸ್ಟಾರಿನ ಬಟ್ಯಣ್ಣ

ಬೆಳಿಗ್ಗೆ ಏಳು ಗಂಟೆಗೆ ಬಾವಿಕಟ್ಟೆಯ ಪಂಪು ಒಮ್ಮೆ ‘ಗುರ್’ ಎಂದಿತು, ಎರಡು ಸಲ ಕೆಮ್ಮಿತು, ಆಮೇಲೆ ಮಾತೇ ಬಿಟ್ಟಿತು. ತಲೆತುಂಬ ಶಾಂಪೂ ನೊರೆ ಹೊತ್ತು ಬಚ್ಚಲಿನಲ್ಲಿ ನಿಂತಿದ್ದ ಜಿತೇಂದ್ರನ ಮೇಲೆ ನಲ್ಲಿ ಮೂರೇ ಮೂರು ಹನಿ ಉದುರಿಸಿ ಕೈಚೆಲ್ಲಿತು.

ಬೇರೆ ದಿನವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಹೆರಿಗೆಗೆಂದು ಬೆಳ್ಳೂರಿನ ತವರಿಗೆ ಹೋಗಿದ್ದ ಹೆಂಡತಿ ಭವ್ಯಶ್ರೀ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಕಾರಡ್ಕಕ್ಕೆ ಬರುವುದು ಇವತ್ತೇ, ಸಂಜೆ ಐದಕ್ಕೆ. ಜತೆಗೆ ಅತ್ತೆ ವಸುಮತಿ. ಅವರು ನಿನ್ನೆಯೇ ಫೋನಿನಲ್ಲಿ ಹೇಳಿದ್ದರು: “ಅಳಿಯಂದಿರೇ, ಸಣ್ಣ ಮಗು ಇರುವ ಮನೆಯಲ್ಲಿ ನೀರು ಬೇಕು. ನಾನು ಬಂದ ಕೂಡ್ಲೇ ನಲ್ಲಿ ತಿರುಗಿಸಿ ನೋಡ್ತೇನೆ. ನೀರು ಬಂದರೆ ಮಗು ಕಾರಿನಿಂದ ಇಳೀತದೆ. ಇಲ್ಲದಿದ್ದರೆ ಇನ್ನು ಎರಡು ತಿಂಗಳು ನಮ್ಮಲ್ಲೇ.”

ಜಿತೇಂದ್ರ ನೊರೆಯನ್ನು ಬೈರಾಸಿನಿಂದ ಅರ್ಧಂಬರ್ಧ ಒರೆಸಿಕೊಂಡು ಅಂಗಳಕ್ಕೆ ಓಡಿದ. ಪಕ್ಕದ ಮನೆಯ ದಮಯಂತಿಯಕ್ಕ ಕಾಂಪೌಂಡಿನಾಚೆ ಬಟ್ಟೆ ಹರವುತ್ತಿದ್ದರು.

“ಎಂತ ಜಿತೇಂದ್ರ, ಅತ್ತೆ ಬರುವ ಮೊದಲೇ ತಲೆ ಬೆಳ್ಳಗಾಯ್ತಾ?”

“ಪಂಪು ಹಾಳಾಯ್ತು ಅಕ್ಕಾ.”

“ಅದಕ್ಕೆಂತ ಮಂಡೆಬಿಸಿ? ಬಟ್ಯಣ್ಣನಿಗೆ ಫೋನ್ ಮಾಡು. ಇಡೀ ಊರಿನ ಪಂಪು ಬದುಕಿರುವುದೇ ಅವನ ಕೈಯಲ್ಲಿ.”

ಆದರೆ ಜಿತೇಂದ್ರ ಹನ್ನೊಂದು ವರ್ಷ ದುಬೈಯಲ್ಲಿದ್ದು ಬಂದವನು. ರಿವ್ಯೂ ಓದದೆ ಬೆಂಕಿಪೆಟ್ಟಿಗೆಯನ್ನೂ ಕೊಳ್ಳುವವನಲ್ಲ. ಮೊಬೈಲು ತೆಗೆದು ಹುಡುಕಿದ. ‘ಬಟ್ಯ ಪಂಪ್ ರಿಪೇರಿ, ಕಾರಡ್ಕ’: ನಲವತ್ತೊಂದು ರಿವ್ಯೂ, ಒಂದೇ ಸ್ಟಾರು!

‘ನಾಳೆ ಬರ್ತೇನೆ ಅಂದವ ಬಂದದ್ದು ಮುಂದಿನ ಮಳೆಗಾಲಕ್ಕೆ.’

‘ಕೊಟ್ಟದ್ದು ಪಂಪು, ವಾಪಸು ಬಂದದ್ದು ಫ್ಯಾನು.’

‘ಇವನನ್ನು ಕರೆಯುವ ಬದಲು ಬಾವಿ ಮುಚ್ಚಿಸಿ.’

ಕೊನೆಯದರ ಪಕ್ಕದಲ್ಲಿ ಬರೆದವರ ಫೋಟೋ ಇತ್ತು. ನೋಡಿದರೆ ಸಾಕ್ಷಾತ್ ದಮಯಂತಿಯಕ್ಕ! ಇಂಥವನನ್ನೇ ಕರೆಸು ಎಂದರಲ್ಲ! ಹೋದ ತಿಂಗಳು ಅವರ ಹಲಸಿನ ಮರದ ಕೊಂಬೆ ಕಡಿಸಿದ್ದಕ್ಕೆ ಇಷ್ಟು ದೊಡ್ಡ ಸೇಡೇ?

ಅವನು ಹಲ್ಲು ಕಚ್ಚಿ, ನಾಲ್ಕು ಮುಕ್ಕಾಲು ಸ್ಟಾರಿನ, ಸಾವಿರ ರಿವ್ಯೂಗಳ ಕಂಪೆನಿಯೊಂದನ್ನು ಬುಕ್ ಮಾಡಿದ. ಹನ್ನೊಂದಕ್ಕೆ ನೀಲಿ ಅಂಗಿ ತೊಟ್ಟ ಇಬ್ಬರು ಮದುಮಕ್ಕಳಂತೆ ಬಂದಿಳಿದರು.

“ಸಾರ್, ಮೊದಲು ಫೈವ್ ಸ್ಟಾರ್ ಹಾಕಿ. ಹಾಕದೆ ಬ್ಯಾಗ್ ತೆರೆಯುವ ಹಾಗಿಲ್ಲ, ಕಂಪೆನಿ ರೂಲ್.”

ಹಾಕಿದ. ಬ್ಯಾಗು ತೆರೆಯಿತು. ಒಬ್ಬ ಪಂಪಿನಿಂದ ಪೈಪು ಬಿಚ್ಚಿದ, ಇನ್ನೊಬ್ಬ ಅದನ್ನು ಹಿಡಿಯುವುದು ಬಿಟ್ಟು ವಿಡಿಯೋ ಮಾಡಿದ. ಪೈಪು ಹೆಬ್ಬಾವಿನಂತೆ ಸರಸರನೆ ಜಾರಿ ಬಾವಿಯೊಳಗೆ ‘ದುಡುಂ’ ಎಂದಿತು. ಇಬ್ಬರೂ ಬಗ್ಗಿ ನೋಡಿದರು.

“ಸಾರ್, ಇದು ಬಾವಿ. ನಮಗೆ ಬಾವಿಯ ಟ್ರೈನಿಂಗ್ ಆಗಿಲ್ಲ. ಅದು ಬೇರೆ ಟೀಮ್, ಮಂಗಳವಾರ ಬರ್ತಾರೆ.”

ಬೈಕು ಹೊಗೆಯುಗುಳುತ್ತ ಹೋಯಿತು. ಎದುರು ಮನೆಯ ಜಗಲಿಯಲ್ಲಿ ಕುಳಿತು ಯಕ್ಷಗಾನ ನೋಡುವಂತೆ ಎಲ್ಲವನ್ನೂ ನೋಡಿದ್ದ ರಿಟೈರ್ಡ್ ಪೋಸ್ಟ್‌ಮ್ಯಾನ್ ಚೆನ್ನಪ್ಪಣ್ಣ ಎದ್ದು ಬಂದರು.

“ಫೈವ್ ಸ್ಟಾರಿನವರು ಪೈಪನ್ನು ಪಾತಾಳಕ್ಕೆ ಕಳಿಸಿದರಾ? ನೀನು ಇನ್ನೂ ಓದ್ತಾ ಕೂತರೆ ಸಂಜೆಗೆ ಅತ್ತೆ ನಿನ್ನನ್ನೂ ಅಲ್ಲಿಗೇ ಕಳಿಸ್ತಾರೆ ಮಾರಾಯ!” ಎಂದು ತಾವೇ ಬಟ್ಯಣ್ಣನಿಗೆ ಫೋನು ಹಚ್ಚಿದರು.

ಹತ್ತೇ ನಿಮಿಷ! ಹಳೆ ಸ್ಕೂಟರಿನಲ್ಲಿ, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಬಟ್ಯಣ್ಣ ಬಂದೇಬಿಟ್ಟ. ಅಳಿಲಿನಂತೆ ಬಾವಿಗಿಳಿದು ಪೈಪನ್ನು ಮೇಲೆ ತಂದ. ಗೋಣಿ ಹಾಸಿ ಪಂಪನ್ನು ಹನ್ನೊಂದು ತುಂಡು ಮಾಡಿದ.

“ಬೇರಿಂಗ್ ಹೋಗಿದೆ ಸಾರ್. ಹೊಸತು ನನ್ನ ಚೀಲದಲ್ಲೇ ಉಂಟು. ಒಂದು ಗಂಟೆಯ ಕೆಲಸ.”

ಜಿತೇಂದ್ರನಿಗೆ ಕುಣಿಯುವಷ್ಟು ಖುಷಿ. ಇಂಥ ಮನುಷ್ಯನ ಮೇಲೆ ಇಂಥ ಅಪವಾದವೇ? ಕೂಡಲೇ ಬಟ್ಯಣ್ಣನ ಫೋಟೋ ತೆಗೆದು, ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದ: ‘ಪಂಪುಗಳ ಧನ್ವಂತರಿ! ಕರೆದ ಹತ್ತು ನಿಮಿಷಕ್ಕೆ ಹಾಜರು!’ ಐದು ಸ್ಟಾರು, ಕೆಳಗೆ ಫೋನ್ ನಂಬರು. ಅಷ್ಟಕ್ಕೆ ಸಮಾಧಾನವಾಗದೆ ಹದಿನಾಲ್ಕು ವಾಟ್ಸಾಪ್ ಗ್ರೂಪುಗಳಿಗೂ ಹಂಚಿದ.

“ದಮಯಂತಿಯಕ್ಕಾ, ನಿಮ್ಮ ರಿವ್ಯೂ ಸುಳ್ಳು ಅಂತ ಇಡೀ ಜಿಲ್ಲೆಗೆ ತಿಳಿಸಿದ್ದೇನೆ!”

ದಮಯಂತಿಯಕ್ಕನ ಕೈಯಿಂದ ಬಟ್ಟೆಯ ಬುಟ್ಟಿ ಜಾರಿತು. “ಅಯ್ಯೋ ನಿನ್ನ ಮಂಡೆಗೆ! ಎಂತ ಮಾಡಿದೆ ನೀನು? ನಾವು ಬೇಕೂಂತಲೇ ಬೈದು ಬರೆದದ್ದು ಮಾರಾಯ! ಎಲೆಕ್ಟ್ರಿಷನ್ ಕೂಸಪ್ಪಣ್ಣನನ್ನು ಹೊಗಳಿ ಹೊಗಳಿ ಬರೆದು, ಈಗ ಮಂಗಳೂರಿನ ಫ್ಲಾಟಿನವರು ಅವನನ್ನು ಬಿಡುವುದಿಲ್ಲ. ನಮಗೆ ಒಂದು ಬಲ್ಬ್ ಹಾಕ್ಲಿಕ್ಕೆ ಜನ ಇಲ್ಲ. ಬಟ್ಯಣ್ಣನಾದರೂ ಊರಿಗೆ ಉಳೀಲಿ ಅಂತ ಮನೆಗೆ ಒಂದರ ಹಾಗೆ ಒಂದು ಸ್ಟಾರ್ ಹಾಕಿದ್ದು!”

“ಆ ಫ್ಯಾನಿನದ್ದು ನಾನು ಬರೆದದ್ದು,” ಎಂದರು ಚೆನ್ನಪ್ಪಣ್ಣ, ಹೆಮ್ಮೆಯಿಂದ.

“ನನ್ನನ್ನು ಕೇಳಿಯೇ ಬರೆದದ್ದು ಸಾರ್,” ಬಟ್ಯಣ್ಣ ನಕ್ಕ. “ಹೊರಗಿನ ಫೋನಿಲ್ಲ, ಮಧ್ಯಾಹ್ನ ಒಂದು ನಿದ್ದೆ ಮಾಡ್ಲಿಕ್ಕಾಗ್ತದೆ.”

ಅಷ್ಟರಲ್ಲಿ ಅವನ ಕಿಸೆಯೊಳಗಿನ ಬಟನ್ ಫೋನು ಬಾಯಿ ತೆರೆಯಿತು. ಇಟ್ಟರೆ ಮತ್ತೆ, ಇಟ್ಟರೆ ಮತ್ತೆ. ನಾಲ್ಕನೆಯ ಕರೆ ಬಂದು ಹತ್ತು ನಿಮಿಷವಾಗುವಾಗ ಗೇಟಿನೆದುರು ಬಾಡಿಗೆಯ ಜೀಪೊಂದು ಬಂದು ನಿಂತಿತು.

“ಬೆಳ್ಳೂರಿನ ಕಡೆ ಒಂದು ಮನೆಯಂತೆ ಸಾರ್. ತುಂಬ ಜನ ಇದ್ದಾರಂತೆ, ಒಂದು ಹನಿ ನೀರಿಲ್ಲವಂತೆ. ಪಾಪ, ಜೀಪೇ ಕಳಿಸಿದ್ದಾರೆ. ನೀವು ಈಗ ಒಬ್ಬರೇ ಅಲ್ವಾ? ನಾಲ್ಕು ಗಂಟೆಗೆ ಬಂದು ಜೋಡಿಸ್ತೇನೆ.”

“ಬಟ್ಯಣ್ಣಾ, ಬೇಡ! ನನ್ನ ಅತ್ತೆ...”

ಜೀಪು ತಿರುವು ದಾಟಿಯಾಗಿತ್ತು.

ನಾಲ್ಕಾಯಿತು. ಬಟ್ಯಣ್ಣನಿಲ್ಲ. ಫೋನು ಮಾಡಿದಾಗಲೆಲ್ಲ ಬ್ಯುಸಿ. ಐದಕ್ಕೆ ಸರಿಯಾಗಿ ಕಾರು ಬಂತು. ಹಿಂದಿನ ಸೀಟಿನಲ್ಲಿ ಭವ್ಯಶ್ರೀಯ ತೊಡೆಯ ಮೇಲೆ ಮಗಳು ಕೈಕಾಲು ಬಡಿಯುತ್ತಿದ್ದಳು. ವಸುಮತಿ ಮಾತ್ರ ಇಳಿದು, ನೇರ ಅಂಗಳದ ನಲ್ಲಿಗೆ ಹೋಗಿ ತಿರುಗಿಸಿದರು. ನಲ್ಲಿ ‘ಸುಸ್’ ಎಂದು ಗಾಳಿ ಬಿಟ್ಟಿತು. ಅವರ ಕಣ್ಣು ಗೋಣಿಯ ಮೇಲಿನ ಹನ್ನೊಂದು ತುಂಡುಗಳ ಮೇಲೆ ನಿಂತಿತು.

ಅವರು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನು ಕೂಗಿತು. ಬೆಳ್ಳೂರಿನಿಂದ ಮಗನ ಕರೆ.

“ಹಲೋ, ಕುಶಲ್? ಎಂತ, ನೀರು ಬಂತಾ! ಟ್ಯಾಂಕಿ ತುಂಬಿತಾ!” ಅವರ ಮುಖ ಅರಳಿತು. ಫೋನಿಟ್ಟು ಅಳಿಯನ ಕಡೆ ತಿರುಗಿದರು. “ನಮ್ಮ ಪಂಪೂ ಮಧ್ಯಾಹ್ನ ಕೆಟ್ಟಿತ್ತು. ಅಲ್ಲಿ ಉಪಾಯ ಇಲ್ಲ, ಮಗುವನ್ನು ಇಲ್ಲೇ ಬಿಡುವ ಅಂತ ಮನಸ್ಸು ಮಾಡಿ ಬಂದದ್ದು ನಾನು. ಆದರೆ ನಮ್ಮ ಹುಡುಗನ ಬುದ್ಧಿ ನೋಡಿ! ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ಬರೆದದ್ದನ್ನು ಓದಿ, ಕಾರಡ್ಕಕ್ಕೆ ಜೀಪು ಕಳಿಸಿ, ಒಳ್ಳೇ ಜನವನ್ನೇ ಹಿಡಿದು ತರಿಸಿದ.”

ಜಿತೇಂದ್ರ ತನ್ನ ಮೊಬೈಲನ್ನು ಮೆಲ್ಲನೆ ಬೆನ್ನ ಹಿಂದೆ ಅಡಗಿಸಿದ.

ವಸುಮತಿ ಕಾರು ಹತ್ತಿ, ಗಾಜು ಇಳಿಸಿ, ಕನಿಕರದಿಂದ ಹೇಳಿದರು:

“ಎರಡು ತಿಂಗಳು ಟೈಮ್ ಉಂಟು. ಅಷ್ಟರೊಳಗೆ ನೀವೂ ಸ್ವಲ್ಪ ಆ ರಿವ್ಯೂ ಗಿವ್ಯೂ ನೋಡ್ಲಿಕ್ಕೆ ಕಲೀರಿ, ಅಳಿಯಂದಿರೇ.”